ಮೇಲುಗಾಳಿ ಇಳಿದ ದಿನ

ಮಸ್ಕಿಯ ತನ್ನ ಮನೆಯಂಗಳದಲ್ಲಿ ಆದೆಪ್ಪ ಕುತ್ತಿಗೆ ನೋಯುವಷ್ಟು ಹೊತ್ತು ಆಕಾಶ ನೋಡುತ್ತ ನಿಂತಿದ್ದ. ಬಹಳ ಎತ್ತರದಲ್ಲಿ, ಹಿಂಜಿದ ಅರಳೆಯಂಥ ಮೋಡಗಳು ಪಡುವಣದಿಂದ ಮೂಡಣಕ್ಕೆ ಓಡುತ್ತಿದ್ದವು. ಕೆಳಗೆ ಬೇವಿನ ಎಲೆ ಕೂಡ ಅಲುಗುತ್ತಿರಲಿಲ್ಲ.

ನಿಜಾಮರ ಕಾಲದಲ್ಲಿ ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಬಲೂನುಗಳಿಗೆ ಅನಿಲ ತುಂಬಿ ಹಾರಿಬಿಡುವುದು ಅವನ ಕೆಲಸವಾಗಿತ್ತು. ಬಲೂನು ಹೋದ ದಾರಿಯನ್ನು ದುರ್ಬೀನಿನಲ್ಲಿ ಹಿಡಿದು ಹವಾಮಾನದ ಸಾಹೇಬರು ಮೇಲಿನ ಗಾಳಿ ಅಳೆಯುತ್ತಿದ್ದರು. ಚಳಿಗಾಲದಲ್ಲಿ ಬಡಗಣ ನಾಡಿನ ಮೇಲೆ, ಬಹಳ ಎತ್ತರದಲ್ಲಿ, ಪಡುವಣದಿಂದ ಮೂಡಣಕ್ಕೆ ಗಾಳಿಯದೇ ಒಂದು ಹೊಳೆ ಹರಿಯುತ್ತದೆ, ಅದು ತೆಂಕಣಕ್ಕೆ ಬಾಗಿ ನಮ್ಮ ತಲೆಯ ಮೇಲೆ ಬಂದರೆ ಅದರ ಬೆನ್ನಿಗೇ ಬಡಗಣದ ಚಳಿ ನೆಲಕ್ಕಿಳಿಯುತ್ತದೆ ಎಂದು ಅವರು ಹೇಳಿದ್ದು ಅವನ ಎದೆಯಲ್ಲಿ ಕೂತಿತ್ತು. ಅಂಥದೇ ಒಂದು ಚಳಿಯಲ್ಲಿ ಅವನ ಚೊಚ್ಚಲ ಮಗ ಮಲಗಿದಲ್ಲೇ ತಣ್ಣಗಾಗಿದ್ದ.

ಈಗ ಒಳಗೆ, ಹೆರಿಗೆಗೆ ಸಿಂಧನೂರಿನಿಂದ ಬಂದ ಮಗಳು ಕಲ್ಯಾಣಮ್ಮನ ಮಗ್ಗುಲಲ್ಲಿ, ದಿನ ತುಂಬದೆ ಹುಟ್ಟಿದ ಕೂಸು.

"ಥಂಡಿ ಬರಾಕತ್ತೈತಿ. ಬಾಣಂತಿ ಕ್ವಾಣಿ ಮುಚ್ರಿ," ಎಂದ.

ಸೂಲಗಿತ್ತಿ ಹಸೀನಾಬೀ ನಕ್ಕಳು. "ಮುಗಿಲಿನಿಂದ ತಂತಿ ಬಂತೇನೋ ಅಣ್ಣಾ?"

"ನಗಬ್ಯಾಡ ತಂಗಿ. ನಾಳಿಗೆ ನೀನೂ ಕೌದಿ ಬಿಟ್ಟು ಏಳಂಗಿಲ್ಲ."

ಅವನೇ ಮಾಳಿಗೆ ಹತ್ತಿ, ಬೆಳಕಿಂಡಿಯ ಮೇಲೆ ಚಪ್ಪಡಿ ಎಳೆದು ಸಂದಿಗೆ ಮಣ್ಣು ಮೆತ್ತಿದ. ಬಾಗಿಲ ಅಡಿಗೆ ಗೋಣಿತಟ್ಟು ತುರುಕಿದ. ಬಾಣಂತಿಯ ಹೊರಸಿನ ಕೆಳಗೆ ಎಲ್ಲರ ಮನೆಯಲ್ಲೂ ಇಡುವ ಕೆಂಡದ ಬೋಗುಣಿ ಇಲ್ಲಿ ಎರಡಾದವು. ಹೆಂಡತಿ ಬಸವಣ್ಣೆಮ್ಮ ಮೇಲಿಷ್ಟು ಇದ್ದಿಲು ಸುರಿದಳು.

ಚಳಿ ಅವನು ಹೇಳಿದಂತೆಯೇ ಇಳಿಯಿತು. ಬೆಳಗಾದಾಗ ಮುಗಿಲು ಬೋಳಾಗಿತ್ತು, ಬಡಗಣ ಗಾಳಿ ಕಿವಿ ಕೊಯ್ಯುತ್ತಿತ್ತು. ಬಾನಿಯ ನೀರಿಗೆ ಅದ್ದಿದ ಬೆರಳು ಮರಗಟ್ಟಿತು. ತನ್ನ ಮಾತು ನಿಜವಾಯಿತಲ್ಲ ಎಂದು ಆದೆಪ್ಪನಿಗೆ ಒಂದು ಗಳಿಗೆ ಹೆಮ್ಮೆಯೂ ಆಯಿತು. ಆಮೇಲೆ ಏನೋ ಹೊಳೆದು ಹೆಂಡತಿಯತ್ತ ತಿರುಗಿದ.

"ಕೂಸು ಅತ್ತಿದ್ದು ಕೇಳಿದಿ ಏನ?"

"ಬೆಚ್ಚಗ ಮಲಗೈತಿ ಬಿಡ್ರಿ," ಎಂದಳು ಬಸವಣ್ಣೆಮ್ಮ.

ಹಾಲಿಗೂ ಅಳದೆ ಮಲಗುವ ಎಳೆಗೂಸು ಎಲ್ಲಿದೆ?

"ಕಲ್ಯಾಣೀ!" ಎಂದು ಕೂಗುತ್ತ ಬಾಗಿಲು ಒದ್ದ. ದಪ್ಪನೆಯ ಬಿಸಿಗಾಳಿ ಮುಖಕ್ಕೆ ಬಡಿದು ತಲೆ ಗಿರ್ರೆಂದಿತು. ಮಗಳು ಕಣ್ಣು ಅರೆತೆರೆದು ತೊದಲುತ್ತಿದ್ದಳು. ಕೂಸು ಬಟ್ಟೆಯ ಗಂಟಿನಂತೆ ಬಿದ್ದಿತ್ತು.

ಹಿಂದೆಯೇ ನುಗ್ಗಿದ ಹಸೀನಾಬೀ ಚೀರಿದಳು. "ಯಾ ಅಲ್ಲಾ, ಕೆಂಡದ ಉಬ್ಬಿ! ಉಸಿರ ಕಟ್ಟೈತಿ, ಹೊರಗ ಒಯ್ಯೋ ಅಣ್ಣಾ!"

ಬಸವಣ್ಣೆಮ್ಮ ಬಾಗಿಲಿಗೆ ಅಡ್ಡ ನಿಂತಳು. "ಆ ಥಂಡಿಗಾ? ನೀವ ಹೇಳಿದ್ರಲ್ರೀ, ಕೊಲ್ಲತೈತಿ ಅಂತ!"

ಆದೆಪ್ಪ ಒಮ್ಮೆ ಅಂಗಳದತ್ತ, ಒಮ್ಮೆ ಕೂಸಿನತ್ತ ನೋಡಿದ. ಹೊರಗೆ ಮಗನನ್ನು ಒಯ್ದ ಗಾಳಿ. ಒಳಗೆ ತನ್ನ ಕೈಯಾರೆ ಮುಚ್ಚಿದ ಗಾಳಿ.

ಹೆಂಡತಿಯನ್ನು ನೂಕಿ, ಕೂಸನ್ನು ಬಾಚಿಕೊಂಡು ಅಂಗಳಕ್ಕೆ ಓಡಿದ. ಚಳಿ ಅದರ ಮುಖಕ್ಕೆ ನೇರ ಬಡಿಯಿತು. ಬಾಯಿ ತೆರೆಯಿತು, ಮುಚ್ಚಿತು. ಮತ್ತೆ ತೆರೆದಾಗ ಸಣ್ಣದೊಂದು ಅಳು ಹೊರಟಿತು.

ಹಸೀನಾಬೀ ಎಳೆತಂದ ಕಲ್ಯಾಣಮ್ಮ ಕಟ್ಟೆಯ ಮೇಲೆ ವಾಂತಿ ಮಾಡಿಕೊಂಡು, "ಅಪ್ಪಾ, ಕೂಸು?" ಎಂದಳು.

ಅವನು ಅಂಗಿಯೊಳಗೆ, ಬರಿಯ ಎದೆಗೆ ಅದನ್ನು ಒತ್ತಿಕೊಂಡಿದ್ದ. ಗಾಳಿಯಲ್ಲಿ ನಿಲ್ಲಲೂ ಅಂಜಿಕೆ, ಒಳಗೆ ಒಯ್ಯಲೂ ಅಂಜಿಕೆ. ಕೂಸು ಅಳು ನಿಲ್ಲಿಸಿದರೆ ಸಾಕು, ಬೆರಳಿನಿಂದ ಅದರ ಅಂಗಾಲು ಕೆರೆದು ಮತ್ತೆ ಅಳಿಸುತ್ತಿದ್ದ.