ತೂಬಿನ ಪ್ರಶ್ನೆ

ಜನಾಜಾಕ್ಕೆ ಹೆಗಲು ಕೊಡಲು ಹಳೆಯ ವಿದ್ಯಾರ್ಥಿಗಳು ನಾ ಮುಂದು ತಾ ಮುಂದು ಎಂದು ನುಗ್ಗುತ್ತಿದ್ದರು. ಪ್ರಭುರಾಜರಿಗೆ ಹತ್ತಿರ ಹೋಗಲೂ ಜಾಗ ಸಿಗಲಿಲ್ಲ. ಕಾರಟಗಿಯ ಕಾಲೇಜಿನಲ್ಲಿ ನೀತಿಚಿಂತನೆಯ ಚರಿತ್ರೆಯನ್ನು ಅವರೂ ತೀರಿಹೋದ ಅಬ್ದುಲರೌಫರೂ ಹಂಚಿಕೊಂಡು ಪಾಠ ಮಾಡಿದವರು. ನಾನು ಸತ್ತರೆ ಇಷ್ಟು ಜನ ಬಂದಾರೇ ಎಂದುಕೊಂಡರು. ಸತ್ತವನ ಮೇಲೂ ಹೊಟ್ಟೆಕಿಚ್ಚು! ನಾಚಿಕೆಯೇನೋ ಆಯಿತು, ಉರಿ ಮಾತ್ರ ಆರಲಿಲ್ಲ.

“ರೌಫ್ ಸರ್ ತೂಬಿನ ಪ್ರಶ್ನಿ ನೆನಪೈತೇನಲೇ?” ಮುಂದೆ ನಡೆಯುತ್ತಿದ್ದ ಶಾಂತಕುಮಾರ ಗೆಳೆಯನನ್ನು ಕೇಳಿದ.

“ಹೆಂಗ ಮರೀಲಿ? ಈಗೂ ಗದ್ದಿಗೆ ನೀರ ಬಿಡಾಕ ಹೋದ್ರ ಸರ್ ಹಿಂದ ನಿಂತಂಗ ಆಕ್ಕೈತಿ.”

“ಯಾರದೋ ದುಡ್ಡು, ಎಲ್ಲಮ್ಮನ ಜಾತ್ರಿ” ಎಂದು ಪ್ರಭುರಾಜರು ಬಾಯೊಳಗೇ ಗೊಣಗಿದರು.

*

ಆ ಪ್ರಶ್ನೆ ನಿಜಕ್ಕೂ ಪ್ರಭುರಾಜರದು. ಹಿಂದೊಮ್ಮೆ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ ರೌಫರಿಗೆ ಹೇಳಿದ್ದರು.

“ಕಾಲುವಿ ನೀರು ಕಡಿಮಿ ಐತಿ. ತೂಬು ನಿನ್ನ ಕೈಯಾಗೈತಿ, ನೋಡವ್ರು ಯಾರೂ ಇಲ್ಲ. ಕೆಳಗಿನವನ ಭತ್ತ ಒಣಗಾಕತ್ತೈತಿ. ನೀರು ಯಾರ ಗದ್ದಿಗೆ ಬಿಡ್ತಿ?”

“ಭಾಳ ಛಲೋ ಐತ್ರಿ. ನಾನೂ ಕ್ಲಾಸಿನ್ಯಾಗ ಕೇಳ್ಲೇನ್ರಿ?” ಎಂದಿದ್ದರು ರೌಫ್.

“ಕೇಳ್ರಿ, ಅದಕ್ಕೇನು.”

ಪ್ರಭುರಾಜರು ತಮ್ಮ ತರಗತಿಯಲ್ಲಿ ಪ್ರಶ್ನೆ ಕೇಳಿ ಉತ್ತರವನ್ನೂ ತಾವೇ ಬರೆಸಿದರು. ಹುಡುಗರು ಆಕಳಿಸಿದರು. ರೌಫ್ ತಮ್ಮ ತರಗತಿಯಲ್ಲಿ ಅದನ್ನೇ ಕೇಳಿ, ಉತ್ತರ ಹೇಳದೆ ಕಾದು ನಿಂತರು. ಹುಡುಗರು ಜಗಳಕ್ಕೆ ಬಿದ್ದರು. ಆ ಜಗಳದ ನಡುವೆಯೇ ಬುದ್ಧ ಬಂದ, ಗ್ರೀಕರು ಬಂದರು, ಶರಣರು ಬಂದರು. ಗೋಡೆಯಾಚೆಯ ಆ ಗದ್ದಲ ಕೇಳಿದಾಗಲೆಲ್ಲ ಪ್ರಭುರಾಜರಿಗೆ ತಮ್ಮ ಮನೆಗೇ ಕನ್ನ ಬಿದ್ದಂತೆ ಅನಿಸುತ್ತಿತ್ತು.

*

ಖಬರಸ್ತಾನದಲ್ಲಿ ನಮಾಜಿಗೆ ಸಾಲು ನಿಂತಿತು. ಪ್ರಭುರಾಜರು ನಮಾಜು ಮಾಡದ ಮಿಕ್ಕವರ ಜೊತೆ ಬೇವಿನ ಮರದ ಕೆಳಗೆ ನಿಂತರು. ರೌಫರ ಮಗ ನಜೀಬ ರೂಢಿಯಂತೆ ಮುಂದೆ ಬಂದು ಕೈಮುಗಿದ.

“ನಮ್ಮ ಅಬ್ಬಾ ಯಾರದರ ಬಾಕಿ ಇಟ್ಟಿದ್ರ ಹೇಳ್ರಿ, ನಾ ತೀರಸ್ತೀನಿ. ತಪ್ಪು ಮಾಡಿದ್ರ ಮಾಫ್ ಮಾಡ್ರಿ.”

“ನಂದೈತಿ.”

ಪ್ರಭುರಾಜರ ಕೈ ಮೇಲೆದ್ದಿತ್ತು. ಎಲ್ಲರೂ ತಿರುಗಿದರು. ನಜೀಬ ಅವರತ್ತ ಎರಡು ಹೆಜ್ಜೆ ಬಂದ.

“ಏನ್ರಿ ಸರ್?”

“ತೂಬಿನ ಪ್ರಶ್ನಿ. ಅದು ನಂದು, ನಿಮ್ಮಪ್ಪಂದಲ್ಲ.”

ಪಕ್ಕದಲ್ಲಿದ್ದ ಶಾಂತಕುಮಾರ ಮೆಲ್ಲಗೆ ಹೇಳಿದ. “ನಮಗೆಲ್ಲ ಗೊತ್ತೈತ್ರಿ ಸರ್. ಪ್ರತಿ ವರ್ಷ ಮೊದಲನೇ ದಿನಾನ ಹೇಳ್ತಿದ್ರು, ಪ್ರಶ್ನಿ ಪ್ರಭುರಾಜ ಸರ್ ಅವರದು, ಉತ್ತರ ನಿಮ್ಮದು ಅಂತ.”

ನಜೀಬ ಮುಗಿದ ಕೈ ಇಳಿಸಿರಲಿಲ್ಲ.

“ಹಂಗಾದ್ರ ಬಾಕಿ ಇನ್ನೂ ಐತೇನ್ರಿ ಸರ್?”

ನಿಂತ ಸಾಲುಗಳೆಲ್ಲ ಅವರ ಉತ್ತರಕ್ಕೆ ಕಾದವು. ರೌಫ್ ಕಾಯುತ್ತಿದ್ದ ಹಾಗೆ, ಅವಸರವಿಲ್ಲದೆ. ಪ್ರಭುರಾಜರ ಕೈ ಇನ್ನೂ ಮೇಲೆಯೇ ಇತ್ತು.