ಬಾನೆಟ್ಟಿನ ಕೆಳಗೆ

ಎಂಜಿನ್ ಇಳಿಸಿದ್ದನ್ನೂ ಕಥೆಯೆಂದು ಹೇಳಹೊರಟದ್ದಕ್ಕೆ ಓದುವವರು ಮನ್ನಿಸಬೇಕು. ಹೂವಪ್ಪನಿಗೆ ಅಂದು ಬೇರೇನೂ ನಡೆಯಲಿಲ್ಲ.

ಸರಪಳಿ ಬಿಗಿಯಿತು. ಎಂಜಿನ್ ಗೇಣುದ್ದ ಮೇಲೆದ್ದು, ವಾಲಿ, ನಿಂತುಬಿಟ್ಟಿತು. ಬಿಚ್ಚದ ಬೋಲ್ಟೊಂದು ಇನ್ನೂ ಹಿಡಿದಿತ್ತು. ರಾಜಪ್ಪ ಮೇಸ್ತ್ರಿ ಬಯ್ಯುತ್ತ ಬಸ್ಸಿನ ಕೆಳಗೆ ತೆವಳಿದ.

ಹಿಡಿದಿರಲಿ, ಎಂದುಕೊಂಡ ಹೂವಪ್ಪ. ಮರುಕ್ಷಣ, ಬೇಗ ಬಿಡಲಿ, ಎಂದೂ.

ಸೊರಬದ ಕೆಂಪಪ್ಪನಿಗಿದ್ದದ್ದು ಇದೊಂದೇ ಬಸ್ಸು. ಅದರ ಗುಮಾಸ್ತ ಹೂವಪ್ಪ. ಎಂಜಿನ್ನಿನಲ್ಲಿ ಏನೋ ಬಡಿಯುತ್ತಿದೆ ಎಂದು ಧಣಿಯ ಕಿವಿಗೆ ಹಾಕಿದವನು ಅವನೇ. ಡ್ರೈವರ್ ರಂಗಪ್ಪ ಇಲ್ಲವೆಂದಿದ್ದ. ಧಣಿ ಓದಿದವನ ಮಾತು ನಂಬಿ ಬಸ್ಸನ್ನು ಶಿಕಾರಿಪುರದ ಈ ಶೆಡ್ಡಿಗೆ ಕಳಿಸಿದ. ಸಂಜೆ ತಾನೇ ಬರುವವನಿದ್ದ. ದೋಷ ಸಿಕ್ಕರೆ ಅದನ್ನು ಮುಚ್ಚಿಟ್ಟ ರಂಗಪ್ಪನ ಕೆಲಸ ಹೋಗುತ್ತದೆ. ಸಿಗದಿದ್ದರೆ, ಓಡುವ ಬಸ್ಸನ್ನು ನಿಲ್ಲಿಸಿದ ಗುಮಾಸ್ತನದು.

ಕೊನೆಗೂ ಇಳಿದು ಗೋಣಿಚೀಲದ ಮೇಲೆ ಕೂತ ಎಂಜಿನ್ನಿನ ತಳ ಬಿಚ್ಚಿ ರಾಜಪ್ಪ ಬೆರಳಾಡಿಸಿದ.

“ಸವೆದೈತೆ.”

“ಅಂದ್ರೆ ಸದ್ದಿತ್ತು,” ಎಂದ ಹೂವಪ್ಪ.

“ಓಡಿದ್ದೆಲ್ಲ ಸವೀತೈತೆ ಬಿಡ್ರಿ. ಸದ್ದಿತ್ತೋ ಇಲ್ಲೋ, ಹೆಂಗ್ ಹೇಳ್ಲಿ?”

“ಮತ್ತೆ ಗೊತ್ತಾಗೋದು ಹೇಗೆ?”

“ತಿರುಗಿ ಕೂರ್ಸಿ ಓಡಿಸ್ಬೇಕು.”

ಬಾಗಿಲಲ್ಲಿ ಕೂತಿದ್ದ ರಂಗಪ್ಪ ಬೀಡಿಯ ಹೊಗೆಯ ಜೊತೆ ನಕ್ಕ. ಹೂವಪ್ಪನಿಗೆ ಅಳುವಷ್ಟು ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಅಷ್ಟರಲ್ಲಿ ಕೆಟ್ಟ ಲಾರಿಯೊಂದು ಬಂದು ಶೆಡ್ಡಿನ ಮುಂದೆ ನಿಂತಿತು. ಅದಕ್ಕೆ ಜಾಗ ಬಿಡಲು ಬಸ್ಸನ್ನು ರಸ್ತೆಯಾಚೆಯ ಹುಣಸೆಮರದಡಿಗೆ ತಳ್ಳಬೇಕೆಂದು ರಾಜಪ್ಪ ಧೂಳು ಬೀಳದಂತೆ ಬಾನೆಟ್ ಮುಚ್ಚಿದ. ಸ್ಟೇರಿಂಗ್ ಹಿಡಿಯಲು ಕರೆದರೆ ರಂಗಪ್ಪ ಏಳಲಿಲ್ಲ.

“ಎಂಜಿನ್ನಿಲ್ಲದ ಬಸ್ಸು ಓದಿದೋರೇ ಓಡಿಸ್ಬೇಕು. ಹತ್ರಿ, ಹೂವಪ್ಪನೋರೆ.”

ಹೂವಪ್ಪ ಹತ್ತಿದ. ಶೆಡ್ಡಿನವರು ಹಿಂದಿನಿಂದ ತಳ್ಳಿದರು. ದಾರಿಹೋಕರೂ ಕರೆಯದೆಯೇ ಕೈ ಕೊಟ್ಟರು. ತಳ್ಳದೆ ಹೊರಡುವ ಬಸ್ಸನ್ನು ಆ ಊರು ಕಂಡದ್ದೇ ಕಡಿಮೆ. ಕುರಿ ಮಾರಿ ಬಂದಿದ್ದ ಉಳವಿಯ ಗುತ್ಯಮ್ಮ ಕಂಬಳಿಯ ಗಂಟನ್ನು ಒಳಗೆಸೆದು ಹಾರಿ ಹತ್ತಿದಳು. ಅವಳ ಹಿಂದೆ ಮಗು ಎತ್ತಿಕೊಂಡ ಗಂಡಹೆಂಡಿರು. ಮರದಡಿ ಬಸ್ಸು ನಿಂತಾಗ ತಳ್ಳಿದ ದಾರಿಹೋಕರೂ ಕೈ ಒರೆಸಿಕೊಂಡು ಬಂದು ಕೂತರು.

“ಇವತ್ತು ಬಸ್ಸೇ ಇಲ್ಲ ಅಂದಿದ್ರು, ಸುಳ್ಳುಗಾರ್ರು,” ಎಂದಳು ಗುತ್ಯಮ್ಮ. “ಯಪ್ಪಾ, ಈಗ ಬಿಡ್ತೀಯೇನು?”

ಎಂಜಿನ್ ಇಲ್ಲ. ಎರಡೇ ಮಾತು. ಹೇಳಿದರೆ, ಇಳಿಸಿದ್ದು ಯಾಕೆ ಎಂದು ಕೇಳುತ್ತಾರೆ. ದೂರದಲ್ಲಿ ಕೆಂಪಪ್ಪ ಛತ್ರಿ ಊರುತ್ತ ಬರುತ್ತಿದ್ದ. ರಂಗಪ್ಪ ಶೆಡ್ಡಿನ ಬಾಗಿಲಲ್ಲಿ ನಿಂತು ಸುಮ್ಮನೆ ನೋಡುತ್ತಿದ್ದ.

ಹೂವಪ್ಪ ಕೈ ಚಾಚಿ ಹಾರನ್ನಿನ ರಬ್ಬರ್ ಬುರುಡೆಯನ್ನು ಹಿಸುಕಿದ. ಬೀದಿಯ ಕೊನೆಯವರೆಗೂ ಕೇಳಿಸಿತು. ಚಹದಂಗಡಿಯಲ್ಲಿದ್ದ ಇನ್ನಿಬ್ಬರು ಲೋಟ ಬಿಟ್ಟು, ಪಂಚೆ ಎತ್ತಿಕಟ್ಟಿ ಓಡಿಬಂದರು. ಒಳಗಿದ್ದವರು ಅವರಿಗಾಗಿ ಜರುಗಿ ಜಾಗ ಮಾಡಿದರು.

ಅದನ್ನು ಯಾಕೆ ಒತ್ತಿದ ಎಂಬುದು ತಿಳಿಯದು. ಅವನಿಗೂ.