ಗಿರಮಲ್ಲಪ್ಪನ ಹೊಟ್ಟೆಯೇ ಮುಚ್ಚಳವಾದದ್ದು

ಬೀರದೇವರ ಭಂಡಾರದ ಅರಿಶಿನ ಮುಟ್ಟಿ ಹೇಳುತ್ತೇನೆ, ಇದರಲ್ಲಿ ಒಂದೆಳೆ ಸುಳ್ಳಿದ್ದರೆ ನಾಳೆಯಿಂದ ನನ್ನ ನಾಲಿಗೆಗೆ ಖಾರ ಹತ್ತದಿರಲಿ.

ಹಿಪ್ಪರಗಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಭೀಮಶಿ ಪಾಕ ಕುದಿಸುವವನು. ಮನೆಯಷ್ಟು ದೊಡ್ಡ ಮುಚ್ಚಿದ ಕಡಾಯಿ ಅವನದು. ಒಳಗಿನ ಗಾಳಿ ಎಳೆದು ತೆಗೆದರೆ ಪಾಕ ಕಡಿಮೆ ಬಿಸಿಗೇ ಕುದಿದು ಬೆಳ್ಳನೆ ಹರಳು ಕಟ್ಟುತ್ತದೆ. ಗಾಳಿ ಉಳಿದರೆ ಸುಟ್ಟು ಕರ್ರಗಾಗುತ್ತದೆ. ಹಿಂದೆ ಒಂದು ಸಲ ಸುಟ್ಟಿತ್ತು. "ಇನ್ನೊಮ್ಮಿ ಸುಟ್ಟರ ಕಸಬರಿಗಿ ಹಿಡದ ಅಂಗಳಾ ಹೊಡಿತೀ" ಎಂದು ಸಾಹೇಬರು ಎಲ್ಲರೆದುರೇ ಅಂದಿದ್ದರು.

ಆ ಗಾಳಿ ಎಳೆಯುವ ಪಂಪು ನೋಡಿಕೊಳ್ಳುವವನು ಗಿರಮಲ್ಲಪ್ಪ. ಇಬ್ಬರ ಹೊಲವೂ ಕಾರ್ಖಾನೆ ಗೋಡೆಯ ಆಚೆಗೇ. ಕಾಲುವೆ ನೀರಿನ ಪಾಳಿಗಾಗಿ ಗುದ್ದಲಿ ಎತ್ತಿಕೊಂಡು ಬಡಿದಾಡಿದ ಮೇಲೆ ಒಬ್ಬನ ನೆರಳು ಒಬ್ಬನಿಗಾಗದು.

ಅವತ್ತು ಮಧ್ಯಾಹ್ನ, ಪಂಪು ಗಾಳಿ ಎಷ್ಟು ಎಳೆದಿದೆ ಎಂದು ತೋರಿಸುವ ಕಡಾಯಿಯ ಗಡಿಯಾರದ ಮುಳ್ಳು ಸರ್ರನೆ ಇಳಿಯಿತು. ಭೀಮಶಿ ಪಂಪಿನ ಬಳಿ ಓಡಿದ. ಅದು ಕಾದು ಕೆಂಡವಾಗಿ ಒದರುತ್ತಿತ್ತು. ಅದಕ್ಕೆ ಬರುವ ನೀರನ್ನು ಗಿರಮಲ್ಲಪ್ಪ ರಬ್ಬರ್ ಪೈಪು ಹಾಕಿ ತನ್ನ ಕಬ್ಬಿಗೆ ತಿರುಗಿಸಿಬಿಟ್ಟಿದ್ದ! ಪಂಪು ಯಾಕೆ ಎಳೆಯುತ್ತಿಲ್ಲವೆಂದು ನೋಡಲು ಎಳೆಯುವ ಕೊಳವೆಯ ಮುಚ್ಚಳವನ್ನೂ ಬಿಚ್ಚಿದ್ದ.

"ಪಂಪಿನ ನೀರೂ ಕದ್ದೇನಲೇ, ಹೊಟ್ಟಿಬಾಕಾ?"

"ಗಾಳಿ ಎಳಿಯೂ ಮಷಿನ್ನಿಗಿ ನೀರ್ಯಾಕಲೇ? ಈ ಕಡಿಂದ ಕುಡದ ಆ ಕಡಿಂದ ಉಗಳತೈತಿ. ನನ್ನ ಕಬ್ಬರ ಕುಡೀಲಿ."

"ನೀರ ಅದರ ಜೀವಾ, ಖೋಡಿ! ಬಿಚ್ಚಿದಾಗ ಕಣ್ಣಾರೆ ನೋಡೇನಿ. ಒಳಗ ರೆಕ್ಕಿ ಚಕ್ರ ನಟ್ಟನಡುವ ಇಲ್ಲ, ಒಂದ ಬಾಜೂಕ ಸರದ ಕುಂತೈತಿ. ತಿರಗಿದ್ರ ನೀರ ಪಂಪಿನ ಒಳಗೋಡಿಗಿ ಸಿಡದ ಕೈಬಳಿಯಂಗ ದುಂಡನ ಬಳಿ ಆಕ್ಕೈತಿ. ಒಂದ ಕಡಿ ಬಳಿ ದೂರ ಸರದ ರೆಕ್ಕಿ ನಡುವ ಗಾಳಿ ಎಳಕೋತೈತಿ, ಇನ್ನೊಂದ ಕಡಿ ಹತ್ರ ಬಂದ ಗಾಳಿ ಒತ್ತಿ ಹೊರಗ ದಬ್ಬತೈತಿ. ನೀರಿಲ್ಲಂದ್ರ ಬರೇ ಫ್ಯಾನ್ ಅದು!"

"ನಿನ್ನ ಸಾಲಿ ನಿನ್ನ ಹೆಂಡ್ತಿಗಿ ಕಲಸು. ನೀರ ಮುಟ್ಟಿದ್ರ ಕೈ ಮುರಿತೀನಿ!"

ಗಿರಮಲ್ಲಪ್ಪ ಅಡ್ಡ ನಿಂತ. ಅವನ ಹೊಟ್ಟೆ ತೆರೆದ ಕೊಳವೆಯ ಬಾಯಿಗೆ ಗೇಣಿನ ದೂರದಲ್ಲಿತ್ತು. ಭೀಮಶಿ ಅವನ ಕಾಲಸಂದಿಯಲ್ಲಿ ಕೈ ತೂರಿಸಿ, ಕಬ್ಬಿನ ಪೈಪು ಕಿತ್ತೊಗೆದು ನೀರನ್ನು ಪಂಪಿಗೆ ತಿರುಗಿಸಿದ.

ಒಳಗೆ ನೀರು ಬಳೆ ಕಟ್ಟಿತು ನೋಡಿ! ಗೋಡೆಯ ಮೇಲಿನ ಕಾಗೆಗಳು ಹಿಂದುಮುಂದಾಗಿ ಹಾರಿಬಂದವು. ಕೊಳವೆ ಮೊದಲು ಗಿರಮಲ್ಲಪ್ಪನ ಟೊಪ್ಪಿಗೆ ನುಂಗಿತು, ಆಮೇಲೆ ಬನಿಯನ್ನು, ಕೊನೆಗೆ ಕುಂಬಳಕಾಯಿಯಂಥ ಹೊಟ್ಟೆಯನ್ನು ಪಟ್ಟನೆ ಹಿಡಿಯಿತು. ಬಾಯಿ ಮುಚ್ಚಿತು. ಮುಳ್ಳು ಏರಿತು.

"ಬಿಡಸೋ ಭೀಮಶಿ! ಸಾಯ್ತೀನೋ!"

"ಮುಚ್ಚಳಾ ಎಲ್ಲಿ?"

"ಗ್ವಾಡಿ ಆಚೆ ಒಗದೇನೋ!"

"ಹಂಗಾರ ಪಾಕ ಇಳಿಯೂತನಕ ನೀನ ಮುಚ್ಚಳಾ. ಒದರಬ್ಯಾಡ, ಗಾಳಿ ಹೊಕ್ಕೈತಿ."

ಪಾಕ ಮುತ್ತಿನಂತೆ ಇಳಿಯಿತು. ಭೀಮಶಿಯ ಕೈಗೆ ಕಸಬರಿಗೆ ಬರಲಿಲ್ಲ. ಬಂದು ಪಂಪು ನಿಲ್ಲಿಸಿದ. ಬಿಡಿಸಿಕೊಂಡ ಗಿರಮಲ್ಲಪ್ಪ ಮೊದಲು ಮಾಡಿದ ಕೆಲಸವೆಂದರೆ ಅವನ ಕಪಾಳಕ್ಕೆ ಬಾರಿಸಿದ್ದು. ಭೀಮಶಿಯೂ ಬಾಕಿ ಉಳಿಸಿಕೊಳ್ಳಲಿಲ್ಲ.

ಗಿರಮಲ್ಲಪ್ಪನ ಹೊಟ್ಟೆಯ ಮೇಲೆ ಗಂಗಾಳದಷ್ಟು ದುಂಡನೆಯ ಗುರುತು ಇವತ್ತಿಗೂ ಇದೆ. ನಂಬಿಕೆ ಇಲ್ಲವೇ? ನಿಮ್ಮ ಗಾಡಿಯ ಕೀಲಿ ಇತ್ತ ಕೊಡಿ, ಅವನನ್ನೇ ಕೂರಿಸಿಕೊಂಡು ಬಂದು ಅಂಗಿ ಎತ್ತಿಸುತ್ತೇನೆ. ಪೆಟ್ರೋಲು ತುಂಬಿಸಿದ್ದೀರಿ ತಾನೇ?